ಸ್ಮಿತ್ ಬಳಗದ ಕೌದಿ

ಕೌದಿಯ ಮೇಲೆ ಮನುಷ್ಯರನ್ನು ಕೂರಿಸಲು ಬರುತ್ತದೆಯೇ ಎಂದು ಆ ಹುಡುಗಿ ಕೇಳಿದಾಗ ನಾನು ಯೋಚನೆ ಮಾಡದೆ ಬರುತ್ತದೆ ಎಂದೆ. ನನಗೆ ಬರುತ್ತಿರಲಿಲ್ಲ. ಬರುತ್ತಿದ್ದದ್ದು ನಮ್ಮ ಅಕ್ಕನಿಗೆ.

ಹುಡುಗಿ ಅಮೆರಿಕದವಳು. ತೆಲುಗು ಕಲಿಯಲೆಂದು ಬಂದು, ತಾರ್ನಾಕದಲ್ಲಿ ನಮ್ಮ ಎದುರು ಮನೆಯ ಮೇಲಂತಸ್ತಿನಲ್ಲಿ ಬಾಡಿಗೆಗಿದ್ದಳು. ಅವಳ ತೆಲುಗು, ನನ್ನ ತೆಲುಗು ಹೆಚ್ಚುಕಡಿಮೆ ಒಂದೇ ಮಟ್ಟದವು. ಸಿಕ್ಕಿಹಾಕಿಕೊಂಡಲ್ಲಿ ಇಬ್ಬರೂ ಹಿಂದಿಯನ್ನು ಎಳೆದು ತರುತ್ತಿದ್ದೆವು. ನಮ್ಮ ಮಾಳಿಗೆಯ ಮೇಲೆ ಒಣಗುತ್ತಿದ್ದ ಕೌದಿಗಳನ್ನು ಕಿಟಕಿಯಿಂದ ನೋಡಿ ಇಳಿದು ಬಂದಿದ್ದಳು. ಒಂದರ ಮೇಲೆ ನವಿಲು, ಇನ್ನೊಂದರ ಮೇಲೆ ಎತ್ತಿನ ಜೋಡಿ. ಎಲ್ಲ ನೀನೇ ಮಾಡಿದ್ದಾ ಅಕ್ಕಾ ಎಂದು ಕೇಳಿದಳು. ಹೂಂ ಎಂದೆ. ಹೊಲಿದದ್ದು ನಾನು ಹೌದು. ನವಿಲನ್ನೂ ಎತ್ತುಗಳನ್ನೂ ಕತ್ತರಿಸಿ ಕೂರಿಸಿದ್ದು ಅಕ್ಕ.

ಅವಳಿಗೆ ಬೇಕಾಗಿದ್ದದ್ದು ಅಪ್ಪನ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಒಂದು ಕೌದಿ. ಅವಳ ಅಪ್ಪ ಶಾಲೆಯ ಬಸ್ಸುಗಳನ್ನು ರಿಪೇರಿ ಮಾಡುವವನು. ಅಡ್ಡಹೆಸರು ಸ್ಮಿತ್. ಅವರ ದೇಶದಲ್ಲಿ ಆ ಅಡ್ಡಹೆಸರಿನವರು ಓಣಿಗೊಬ್ಬರಂತೆ. ಅವನಿಗೆ ಮಾತ್ರ ಅಣ್ಣತಮ್ಮಂದಿರಿಲ್ಲ, ಅಕ್ಕತಂಗಿಯರಿಲ್ಲ, ದೊಡ್ಡಪ್ಪ ಚಿಕ್ಕಪ್ಪ ಯಾರೂ ಇಲ್ಲ. ಅದಕ್ಕೇ ಏನೋ, ಟಿವಿಯಲ್ಲಿ ಸ್ಮಿತ್ ಎನ್ನುವವನೊಬ್ಬ ಓಡಿ ಗೆದ್ದರೆ ನೋಡು ನಮ್ಮವನು, ಕಾಲು ಥೇಟ್ ನನ್ನವೇ ಎನ್ನುತ್ತಿದ್ದ. ರೇಡಿಯೋದಲ್ಲಿ ಸ್ಮಿತ್ ಎನ್ನುವ ಹೆಂಗಸು ಹಾಡಿದರೆ ಸುಮ್ಮನಿರಿ, ನಮ್ಮತ್ತೆ ಹಾಡುತ್ತಿದ್ದಾಳೆ ಎಂದು ಎಲ್ಲರ ಬಾಯಿ ಮುಚ್ಚಿಸುತ್ತಿದ್ದ. ಮನೆಯವರಿಗೆ ಇದು ಹಳೆಯ ತಮಾಷೆ. ಆ ಬಳಗದಿಂದ ಹುಡುಗಿ ಆರು ಮಂದಿಯನ್ನು ಆರಿಸಿಕೊಂಡು ಬಂದಿದ್ದಳು. ಒಬ್ಬ ಓಟಗಾರ, ಎತ್ತರ ಜಿಗಿಯುವವನೊಬ್ಬ, ಬಾಸ್ಕೆಟ್‌ಬಾಲ್ ಆಡುವ ಹೆಂಗಸು; ಹಾಡುವ ಹಿರಿಯಾಕೆ, ತುತ್ತೂರಿ ಊದುವವನು, ಹಾರ್ಮೋನಿಯಂನ ದೊಡ್ಡಣ್ಣನಂಥ ವಾದ್ಯ ನುಡಿಸುವವನು. ಎಲ್ಲರ ಫೋಟೋಗಳನ್ನೂ ನನ್ನ ಫೋನಿಗೆ ಹಾಕಿ ಹೋದಳು.

ನಾನು ಫೋನು ಹಿಡಿದುಕೊಂಡು ಎರಡು ಬಸ್ಸು ಬದಲಿಸಿ ಶಂಶಾಬಾದಿಗೆ ಹೋದೆ.

ಅಕ್ಕ ವಿಮಾನ ನಿಲ್ದಾಣದಲ್ಲಿ ನೆಲ ಒರೆಸುವ ಕೆಲಸದಲ್ಲಿದ್ದಾಳೆ. ಭಾವ ತೀರಿಕೊಂಡ ಮೇಲೆ ಅಲ್ಲೇ ಒಂದು ಕೋಣೆ ಮಾಡಿಕೊಂಡು ಇದ್ದಾಳೆ. ಅವಳು ಶಾಲೆಯ ಮೆಟ್ಟಿಲು ಹತ್ತಿದ್ದಳು, ಒಳಗೆ ಕೂರಲಿಲ್ಲ. ನನ್ನನ್ನು ಕಂಕುಳಲ್ಲಿ ಹೊತ್ತು ಬಾಗಿಲವರೆಗೆ ತಂದು ಬಿಡುತ್ತಿದ್ದಳು. ಒಳಗೆ ಕೂತವಳು ನಾನು. ಹಾಗೆ ಏಳನೆಯ ಇಯತ್ತೆವರೆಗೆ ಕಲಿತೆ. ಅಕ್ಕನಿಗೆ ಓದು ಬಾರದು, ಸಹಿ ಹಾಕಲೂ ಬಾರದು. ಆದರೆ ಕತ್ತರಿ ಕೈಗೆ ಬಂದರೆ ಸೀಮೆಸುಣ್ಣದ ಒಂದು ಗೆರೆಯೂ ಇಲ್ಲದೆ ಬಟ್ಟೆಯಲ್ಲಿ ಆಡು, ಕೋಳಿ, ಬಂಡಿ ಎಲ್ಲ ಬಿಡಿಸಿಕೊಂಡು ಬರುತ್ತವೆ.

ಫೋಟೋಗಳನ್ನು ನೋಡಿ ಅವಳು ಮೊದಲು ಬೇಡವೆಂದಳು. ಕಂಡು ಕೇಳರಿಯದ ಮಂದಿ, ಯಾರೋ ಏನೋ, ಹೊದ್ದುಕೊಳ್ಳುವವರ ಎದೆಯ ಮೇಲೆ ಇವರನ್ನೆಲ್ಲ ಯಾಕೆ ಕೂರಿಸುವುದು ಎಂಬುದು ಅವಳ ತಕರಾರು. ಆಗ ನಾನು ಹುಡುಗಿ ಹೇಳಿದ್ದನ್ನು ಹೇಳಿದೆ. ಸ್ಮಿತ್ ಎಂದರೆ ಕಬ್ಬಿಣ ಬಡಿಯುವವರು ಎಂದು ಅರ್ಥವಂತೆ. ನಮ್ಮ ತವರಿನ ಅಡ್ಡಹೆಸರು ಕಮ್ಮಾರ.

"ಹಂಗಾದ್ರ ನಮ್ಮ ಮಂದಿ ಆದ್ರಲ್ಲ," ಎಂದಳು ಅಕ್ಕ. "ಅದನ್ನ ಮೊದಲ ಹೇಳಬೇಕಿಲ್ಲೇನ ಹುಚ್ಚಿ." ಚಷ್ಮಾ ಹುಡುಕಿ ಹಾಕಿಕೊಂಡು, ಫೋಟೋಗಳನ್ನು ಮತ್ತೆ ಮೊದಲಿನಿಂದ ನೋಡತೊಡಗಿದಳು.

ಕೆಲಸ ಶುರುವಾಗುವ ಮೊದಲೇ ನಾನು ಒಂದು ತಪ್ಪು ಮಾಡಿದೆ. ಹುಡುಗಿಯನ್ನು ಕರೆದುಕೊಂಡು ಸುಲ್ತಾನ್ ಬಜಾರಿಗೆ ಹೋಗಿ, ಮಿರಿಮಿರಿ ಮಿಂಚುವ ಹೊಸ ಬಟ್ಟೆ ತಂದೆ. ಪರದೇಶಕ್ಕೆ ಹೋಗುವ ಕೌದಿ, ಹೊಸದಿರಲಿ ಎಂದು ನನ್ನ ಎಣಿಕೆ. ಅಕ್ಕ ಬಟ್ಟೆಯನ್ನು ಮುಟ್ಟಲೂ ಇಲ್ಲ.

"ಹೊಸಾ ಅರಿವಿ ಹೊಲದ್ರ ಅದು ಚಾದರ ಆಗತೈತಿ. ಯಾರರ ಉಟ್ಟಿರಬೇಕು, ಬೆವರಿರಬೇಕು, ಆಗ ಕೌದಿ. ಆ ಮುದುಕಪ್ಪನ ಹಳೇ ಅಂಗಿ ತರಸಾಕ ಹೇಳು."

ಹೇಳಲು ನನಗೆ ನಾಚಿಕೆ. ಆದರೆ ಹುಡುಗಿಗೆ ಈ ಮಾತು ಬಹಳ ಹಿಡಿಸಿತು. ಅವಳ ಅಮ್ಮ ಗಂಡನಿಗೆ ತಿಳಿಯದ ಹಾಗೆ ಕಪಾಟಿನ ತಳದಿಂದ ಅಂಗಿಗಳನ್ನು ಎಳೆದು, ಇತ್ತ ಬರುತ್ತಿದ್ದ ಒಬ್ಬ ವಿದ್ಯಾರ್ಥಿಯ ಕೈಯಲ್ಲಿ ಕಳಿಸಿದಳು. ಗಂಟು ಬಿಚ್ಚಿದಾಗ ಕೆಲಸಕ್ಕೆ ಹಾಕುವ ನೀಲಿ ಅಂಗಿಗಳು, ಚೌಕಳಿಯ ದಪ್ಪ ಅಂಗಿಗಳು, ಮೊಣಕಾಲು ಸವೆದ ಪ್ಯಾಂಟುಗಳು, ಆಟದವರು ಹಾಕುವ ಜಾರುವ ಬಟ್ಟೆಯ ಒಂದು ಕೆಂಪು ಜರ್ಸಿ. ಎಷ್ಟು ಒಗೆದರೂ ಹೋಗದ ಎಣ್ಣೆಯ ಕಲೆಗಳು. ಅಕ್ಕ ಒಂದು ಅಂಗಿಯನ್ನು ಮೂಗಿನ ಹತ್ತಿರ ಹಿಡಿದು, ಕಮ್ಮಾರನೇ ಹೌದು ಎಂದಳು.

ಅಂಗಿಗಳನ್ನು ಬಿಸಿನೀರಿನಲ್ಲಿ ಒಗೆದು ಒಣಗಿಸಿ, ಗುಂಡಿ ತೆಗೆದು, ಹೊಲಿಗೆ ಬಿಚ್ಚಿ ಚಪ್ಪಟೆ ಮಾಡಿದೆವು. ತಳಕ್ಕೆ ನನ್ನ ಹಳೆಯ ಇಳಕಲ್ ಸೀರೆ ಹಾಸಿ, ಅಕ್ಕನ ಕೋಣೆಯ ಮೇಲಿನ ಮಾಳಿಗೆಯಲ್ಲಿ ನಾಲ್ಕೂ ಮೂಲೆಗೆ ಕಲ್ಲು ಇಟ್ಟು ಬಿಗಿ ಮಾಡಿದೆವು. ನಡುವೆ ಅಂಗಿಗಳ ಪದರ, ಮೇಲೆ ಅಕ್ಕನ ಮೆತ್ತನೆಯ ಹತ್ತಿಯ ಸೀರೆ. ಪದರಗಳು ಅಲುಗಾಡದಂತೆ ಉದ್ದುದ್ದ ಟಾಕು ಹಾಕಿದೆ. ಅಲ್ಲಿಂದ ಮುಂದೆ ಕತ್ತರಿಸಿ ಇಡುವುದು ಅಕ್ಕನ ಕೆಲಸ, ಇಟ್ಟದ್ದನ್ನು ಅಂಚು ಹೊಲಿದು ನಿಲ್ಲಿಸುವುದು ನನ್ನದು.

ಅವಳು ಒಂದು ಫೋಟೋ ನೋಡುತ್ತಾಳೆ. ನೋಡಿ, ಫೋನನ್ನು ಬೋರಲು ಹಾಕುತ್ತಾಳೆ. ಆಮೇಲೆ ಕತ್ತರಿ. ನೋಡುತ್ತ ಕತ್ತರಿಸಿದರೆ ಕಾಪಿ ಆಗುತ್ತದಂತೆ. ಓಟಗಾರನನ್ನು ಒಂದೇ ಉಸಿರಿಗೆ ನೀಲಿ ಅಂಗಿಯಿಂದ ಬಿಡಿಸಿದಳು. ಒಂದು ಕಾಲು ಮುಂದೆ, ಒಂದು ಕಾಲು ಗಾಳಿಯಲ್ಲಿ. ಮುಖಕ್ಕೆ ಕಣ್ಣು ಮೂಗು ಏನೂ ಇಲ್ಲ, ಆದರೂ ಓಡುತ್ತಿದ್ದಾನೆ ಎಂದು ಯಾರಾದರೂ ಹೇಳಬಹುದಿತ್ತು. ಬಾಸ್ಕೆಟ್‌ಬಾಲ್ ಹೆಂಗಸಿಗೆ ಕೆಂಪು ಜರ್ಸಿ ಎಂದು ಇಬ್ಬರೂ ಒಪ್ಪಿದೆವು. ಅದು ಸೂಜಿಯ ಕೆಳಗೆ ಜಾರಿ ಜಾರಿ ಹೋಯಿತು. ಎರಡು ಸಲ ಬಿಚ್ಚಿದೆ. ಕೊನೆಗೆ ಹಿಂದೆ ಸೀರೆಯ ತುಂಡನ್ನು ಅಂಟಿಸಿದಂತೆ ಹೊಲಿದು, ಅಂಚು ಮಡಚಿ, ಒತ್ತೊತ್ತಾಗಿ ಹಾಕಿದಾಗ ನಿಂತಿತು.

ಆರು ಮಂದಿಯಲ್ಲಿ ಕೆಲವರು ಕಪ್ಪು, ಕೆಲವರು ಬಿಳಿ. ಒಂದೇ ಅಡ್ಡಹೆಸರಿನವರು ಇಷ್ಟು ಬೇರೆ ಬೇರೆ ಬಣ್ಣ ಹೇಗೆ ಎಂದು ನಾನು ಅನುಮಾನ ತೆಗೆದೆ. ಅಕ್ಕ ಕಾಫಿ ಬಣ್ಣದ ಪ್ಯಾಂಟು ಕತ್ತರಿಸುತ್ತಲೇ, "ನೀ ಕರಿ ಇಲ್ಲೇನು, ನಾ ಕೆಂಪ ಇಲ್ಲೇನು? ಅದಕ್ಕ ಅವ್ವ ನಿನ್ನ ಹೊರಗ ಹಾಕಿದ್ಲೇನು?" ಎಂದಳು.

ಎಲ್ಲಕ್ಕಿಂತ ತೊಂದರೆ ಕೊಟ್ಟವನು ಎತ್ತರ ಜಿಗಿಯುವವನು. ಫೋಟೋದಲ್ಲಿ ಅವನು ಕೋಲಿನ ಮೇಲೆ ಬೆನ್ನು ಕೆಳಗೆ ಮಾಡಿ, ತಲೆ ಇಳಿಬಿಟ್ಟು ದಾಟುತ್ತಿದ್ದ. ಅಕ್ಕನ ಕಣ್ಣಿಗೆ ಅವನು ಬೀಳುತ್ತಿದ್ದ. ತಲೆಕೆಳಗಾದ ಮನುಷ್ಯನನ್ನು ಹೊದಿಕೆಯ ಮೇಲೆ ಇಡುವುದು ಶುಭವಲ್ಲ ಎಂದು ಹಟ ಹಿಡಿದಳು. ಅವನು ಗೆದ್ದದ್ದೇ ಹಾಗೆ ಎಂದು ನಾನು. ಗೆಲ್ಲುವವನು ನೆಟ್ಟಗೆ ಗೆಲ್ಲಲಿ ಎಂದು ಅವಳು. ಅವಳ ಮುಂದಿನ ರಜೆಯ ದಿನ ನಾನು ಹೋಗುವಷ್ಟರಲ್ಲಿ ಅವಳೇ ದಾರಿ ಕಂಡುಕೊಂಡಿದ್ದಳು. ಅವನನ್ನು ತಲೆಕೆಳಗಾಗಿಯೇ ಇಟ್ಟು, ಕೆಳಗೆ ಚೌಕಳಿ ಬಟ್ಟೆಯ ದಪ್ಪ ಗಾದಿಯೊಂದನ್ನು ಹಾಸಿದ್ದಳು. ಬೀಳುವವರಿಗೆ ಕೆಳಗೆ ಹಾಸಬೇಕು, ಅಷ್ಟೇ ಎಂದಳು. ಆ ಆಟದಲ್ಲಿ ನಿಜವಾಗಿಯೂ ಗಾದಿ ಹಾಸಿರುತ್ತಾರೆ, ಫೋಟೋದಲ್ಲಿ ಅದು ಬಿದ್ದಿರಲಿಲ್ಲ ಎಂದು ಆಮೇಲೆ ಹುಡುಗಿ ಹೇಳಿದಳು.

ದೊಡ್ಡ ಎಡವಟ್ಟು ಆದದ್ದು ಜೋಡಣೆಯಲ್ಲಿ. ಹುಡುಗಿಯ ಲೆಕ್ಕದಲ್ಲಿ ಆಟಗಾರರು ಮೇಲಿನ ಸಾಲು, ಸಂಗೀತಗಾರರು ಕೆಳಗಿನ ಸಾಲು. ನಾನು ಹೇಳಿದ್ದೆ ಕೂಡ. ಆದರೆ ಅಕ್ಕ ಒಂದು ಬಳಗವನ್ನು ಹೇಗೆ ಕೂರಿಸಬೇಕೋ ಹಾಗೆ ಕೂರಿಸಿಬಿಟ್ಟಿದ್ದಳು. ಹಾಡುವ ಹಿರಿಯಾಕೆ ನಟ್ಟನಡುವೆ ಮಣೆಯ ಮೇಲೆ. ವಾದ್ಯದವನು, ತುತ್ತೂರಿಯವನು ಅವಳ ಎರಡೂ ಮಗ್ಗುಲಿಗೆ ಮಕ್ಕಳಂತೆ. ಓಟಗಾರ ಮೊಮ್ಮಗ, ಶಾಲೆ ಬಿಟ್ಟು ಅಜ್ಜಿಯ ಕಡೆಗೇ ಓಡಿಬರುತ್ತಿದ್ದಾನೆ. ಬಾಸ್ಕೆಟ್‌ಬಾಲಿನವಳು ಅವನ ಅಕ್ಕ; ಚೆಂಡು ತಮ್ಮನಿಗೆ ಸಿಗದಿರಲಿ ಎಂದು ಮೇಲೆತ್ತಿ ಹಿಡಿದಂತಿದೆ. ಜಿಗಿಯುವವನು ಮನೆಗೊಬ್ಬ ಇರುವ ತುಂಟ. ನಮ್ಮ ಕಡೆ ಅಡ್ಡಹೆಸರು ಒಂದೇ ಆದರೆ ಅಣ್ಣತಮ್ಮಂದಿರು, ಬೇರೆ ಮಾತಿಲ್ಲ. ಅಕ್ಕನಿಗೆ ಇನ್ನೊಂದು ರೀತಿ ಇರಬಹುದೆಂದು ಹೊಳೆದಿರಲೇ ಇಲ್ಲ. ನಿಜ ಹೇಳಿದರೆ ನನಗೂ ಹೊಳೆದಿರಲಿಲ್ಲ.

ಕೌದಿಯನ್ನು ಸುತ್ತಿಕೊಂಡು ತಾರ್ನಾಕಕ್ಕೆ ತಂದು ಹುಡುಗಿಗೆ ತೋರಿಸಿದೆ. ಅವಳು ಒಬ್ಬೊಬ್ಬರ ಮೇಲೂ ಬೆರಳಿಟ್ಟು ನೋಡಿದಳು. ಈ ಅಜ್ಜಿ ತೀರಿಕೊಂಡಾಗ ಈ ಓಟಗಾರ ಹುಟ್ಟಿಯೇ ಇರಲಿಲ್ಲ, ಇವರು ಯಾರೂ ಯಾರಿಗೂ ಏನೂ ಆಗಬೇಕಿಲ್ಲ, ಒಬ್ಬರನ್ನೊಬ್ಬರು ನೋಡಿದವರೂ ಅಲ್ಲ ಎಂದು ಬಿಡಿಸಿ ಹೇಳಿದಳು. ಎಲ್ಲ ಬಿಚ್ಚಬೇಕಾಯಿತಲ್ಲ ಎಂದು ನಾನು ಕತ್ತರಿಗೆ ಕೈ ಹಾಕಿದೆ. ಅಷ್ಟರಲ್ಲಿ ಅವಳು ನಗಲು ಶುರುಮಾಡಿದಳು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಅಪ್ಪ ಜೀವನವಿಡೀ ಇದನ್ನೇ ಹೇಳಿಕೊಂಡು ಬಂದಿದ್ದಾನೆ, ನಾವೇ ನಂಬಲಿಲ್ಲ, ಒಂದನ್ನೂ ಅಲುಗಾಡಿಸಬೇಡ ಎಂದಳು. ಆಮೇಲೆ ನನ್ನ ಎರಡೂ ಕೈ ಹಿಡಿದುಕೊಂಡು, ಇಂಥ ಕೈ ನೋಡಿಲ್ಲ, ಹಿಂದುಗಡೆ ನಿನ್ನ ಹೆಸರು ಹೊಲಿಯಬೇಕು, ಯಾರು ಮಾಡಿದ್ದೆಂದು ಅಪ್ಪನಿಗೆ ಓದಿ ಹೇಳುತ್ತೇನೆ ಎಂದಳು.

ಆಗ ನಾನು ಹೇಳಬೇಕಿತ್ತು. ಇದು ನಮ್ಮಕ್ಕನ ಕೈ ಎನ್ನಬೇಕಿತ್ತು. ಮಾತು ಬಾಯಿಯವರೆಗೆ ಬಂದಿತ್ತು ಕೂಡ. ಆದರೆ ಹಾಗೆ ನನ್ನ ಕೈ ಹಿಡಿದು ಯಾರೂ ಹೊಗಳಿರಲಿಲ್ಲ. ಸುಮ್ಮನೆ ನಕ್ಕೆ. ಮರುದಿನ ಮಧ್ಯಾಹ್ನ ಕೂತು, ಕೆಂಪು ದಾರದಲ್ಲಿ, ಕೌದಿಯ ಹಿಂಬದಿಯ ಒಂದು ಮೂಲೆಯಲ್ಲಿ ನನ್ನ ಹೆಸರು ಹೊಲಿದೆ. ನನ್ನದೊಂದೇ.

ಮುಂದಿನ ಸಲ ಶಂಶಾಬಾದಿನಲ್ಲಿ ಕೌದಿ ಹರಡಿದಾಗ ಅಕ್ಕನ ಬೆರಳು ಸೀದಾ ಅಲ್ಲಿಗೇ ಹೋಯಿತು.

"ಏನ ಬರದೀ ಇಲ್ಲಿ?"

"ದೇವರ ಹೆಸರ," ಎಂದೆ. ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ.

"ಯಾವ ದೇವರು?"

"ಬನಶಂಕರಿ."

"ಚಲೋ ಮಾಡಿದಿ. ಅಷ್ಟ ದೂರ ಹೊಂಟೈತಿ, ಆಕಿ ಜೋಡಿಗಿರಲಿ," ಎಂದು ಆ ಅಕ್ಷರಗಳನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

ಅಲ್ಲಿಂದ ನನ್ನ ಕಷ್ಟ ಶುರುವಾಯಿತು. ಇನ್ನು ಉಳಿದಿದ್ದದ್ದು ಹೊಲಿಗೆ. ಅಂಚಿನಿಂದ ಶುರುಮಾಡಿ, ಸುತ್ತು ಸುತ್ತಾಗಿ ಒಳಕ್ಕೆ ಸಾಗಬೇಕು. ಅಕ್ಕ ಆ ಬದಿ, ನಾನು ಈ ಬದಿ. ದಿನದ ಕೆಲಸಕ್ಕೆ ಕೂರುವ ಮೊದಲು ಅವಳು ಮೂಲೆ ಮಗುಚಿ ನನ್ನ ಹೆಸರಿಗೆ ಕೈ ಮುಗಿಯುತ್ತಿದ್ದಳು. ಏಳುವಾಗ ಇನ್ನೊಮ್ಮೆ. ಹೊಲಿಯುತ್ತ ಹೊಲಿಯುತ್ತ ಆ ಮೂಲೆಯ ಹತ್ತಿರ ಬಂದರೆ ಕಾಲು ತಾಗದಂತೆ ಮುದುರಿಕೊಳ್ಳುತ್ತಿದ್ದಳು. ಅವಳ ಮೊಣಕಾಲು ನೋವಿನದು, ಮುದುರಿದರೆ ಮುಖ ಕಿವುಚುತ್ತಾಳೆ. ಒಂದು ದಿನ ಪಾಳಿ ಬದಲಾಯಿಸಿಕೊಡಲು ಸಾಹೇಬರು ಒಪ್ಪಿದರೆಂದು, ಎಲ್ಲ ಆಕೆಯ ದಯೆ ಎಂದು ಆ ಅಕ್ಷರಗಳಿಗೇ ಹೇಳಿದಳು. ನನ್ನ ಹೊಲಿಗೆ ಸೊಟ್ಟಗಾಗತೊಡಗಿತು. ಬಿಚ್ಚುವುದು, ಮತ್ತೆ ಹಾಕುವುದು. ನಿನಗೇನಾಗಿದೆ, ಚಷ್ಮಾ ಮಾಡಿಸಿಕೋ ಎಂದು ಅಕ್ಕ ಬೈದಳು.

ಹೊಲಿಗೆ ಮುಗಿದು, ಬೇಕೆಂದೇ ಮುಚ್ಚದೆ ಬಿಟ್ಟಿದ್ದ ಮೂಲೆಯೊಂದು ಉಳಿಯಿತು. ನಮ್ಮ ಅವ್ವ ಮಾಡುತ್ತಿದ್ದ ಪದ್ಧತಿ ಹೀಗೆ: ಕೌದಿ ಮುಚ್ಚುವ ಮೊದಲು ಆ ಮೂಲೆಯ ಪದರದೊಳಗೆ ಒಣರೊಟ್ಟಿಯ ಚೂರೊಂದನ್ನು ಇಟ್ಟು ಹೊಲಿಯಬೇಕು. ಕೌದಿ ಹಸಿದಿರಬಾರದು, ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲ. ಆ ದಿನ ನಾನು ಹೋದಾಗ ಅಕ್ಕ ರೊಟ್ಟಿಯ ಚೂರನ್ನಲ್ಲದೆ ಹೋಳಿಗೆಯನ್ನೂ ಮಾಡಿಟ್ಟಿದ್ದಳು. ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆ ಉಟ್ಟು, ತಾಟಿನಲ್ಲಿ ಕುಂಕುಮ, ಹೂವು, ತುಪ್ಪ ಹಾಕಿದ ಹೋಳಿಗೆ ಇಟ್ಟುಕೊಂಡು ಕೂತಿದ್ದಳು. ಕೌದಿಗೆ ಉಣಿಸುವ ಮೊದಲು ತಾಯಿಗೆ ನೈವೇದ್ಯ ಆಗಬೇಕು ಎಂದಳು. ಅಕ್ಷರಗಳಿದ್ದ ಮೂಲೆ ಮಗುಚಿ, ಬೆರಳಿಗೆ ಕುಂಕುಮ ತೆಗೆದುಕೊಂಡಳು.

ನಾನು ಅವಳ ಕೈ ಹಿಡಿದುಕೊಂಡೆ.

"ಅಕ್ಕಾ, ಅದು ಬನಶಂಕರಿ ಅಲ್ಲ. ನನ್ನ ಹೆಸರ ಐತಿ."

ನಾನು ಎಲ್ಲವನ್ನೂ ಹೇಳಿದೆ. ಹುಡುಗಿ ಕೈ ಹಿಡಿದದ್ದು, ಕೇಳಿದ್ದು, ನಾನು ನಕ್ಕದ್ದು, ನವಿಲು ಎತ್ತುಗಳ ಕಾಲದಿಂದಲೂ ಎಲ್ಲ ನನ್ನದೇ ಎಂದು ಹೇಳಿಕೊಂಡು ಬಂದದ್ದು. ಹೇಳುವಾಗ ಅವಳ ಮುಖ ನೋಡಲಿಲ್ಲ, ಹೋಳಿಗೆ ನೋಡುತ್ತಿದ್ದೆ. ಅಕ್ಕ ಬೆರಳಿನ ಕುಂಕುಮವನ್ನು ತಾಟಿನ ಅಂಚಿಗೆ ಒರೆಸಿ ಎದ್ದು ಒಳಗೆ ಹೋದಳು. ಪಾತ್ರೆ ತಿಕ್ಕುವ ಸದ್ದು ಕೇಳಿತು. ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತಿಕ್ಕುತ್ತಿದ್ದಳು. ಮೇಲೆ ಒಂದರ ಹಿಂದೊಂದು ವಿಮಾನ ಹೋದವು. ನಾನು ಎದ್ದು ಹೋಗಲೂ ಆರದೆ, ಕೂರಲೂ ಆರದೆ, ದಾರದ ಉಂಡೆಯನ್ನು ಬಿಚ್ಚಿ ಸುತ್ತುತ್ತ ಇದ್ದೆ.

ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಎದುರಿಗೆ ಕುಕ್ಕರಿಸಿದಳು.

"ಇಷ್ಟ ದಿನಾ ನಿನಗ ಕೈ ಮುಗದೆನಾ ನಾ?"

ನಾನು ತಲೆ ಆಡಿಸಿದೆ.

"ಅದಕ್ಕ ಮೊಣಕಾಲು ಕಡಿಮಿ ಆಗಲಿಲ್ಲ," ಎಂದಳು. ಹೋಳಿಗೆ ಮುರಿದು ತುಪ್ಪದಲ್ಲಿ ಅದ್ದಿದಳು. "ನೈವೇದ್ಯ ಅಂತ ಮಾಡಿದ್ದನ್ನ ವಾಪಸ್ ಡಬ್ಬಿಗೆ ಹಾಕಾಕ ಬರೂದಿಲ್ಲ. ತಗಿ ಬಾಯಿ."

ನಾನು ಬೇಡವೆಂದೆ. ಅವಳು ನನ್ನ ಗಲ್ಲ ಒತ್ತಿ ಬಾಯಿ ತೆರೆಸಿ ಇಡೀ ತುಂಡನ್ನು ತುರುಕಿದಳು. ನಾನು ಅಳುತ್ತಿದ್ದೆ, ಹೋಳಿಗೆ ಗಂಟಲಲ್ಲಿ ಸಿಕ್ಕಿಕೊಂಡಿತು, ಕೆಮ್ಮಿದರೆ ಬೇಳೆಯ ಹೂರಣ ಸೀರೆಯ ಮೇಲೆಲ್ಲ. ತಾಯಿ ಪ್ರಸಾದ ಉಗುಳುತ್ತಿದ್ದಾಳೆ ಎಂದು ಅಕ್ಕ ಮೊದಲು ನಕ್ಕಳು. ಆಮೇಲೆ ನಾನೂ ನಕ್ಕೆ. ನಕ್ಕು ಮುಗಿದ ಮೇಲೆ ಅವಳು ಕತ್ತರಿಯ ತುದಿಯನ್ನು ನನ್ನ ಕಡೆ ಹಿಡಿದಳು. ನಾನು ನನ್ನ ಹೆಸರನ್ನು ಒಂದೊಂದೇ ಅಕ್ಷರ ಬಿಚ್ಚಿದೆ.

ಅವಳ ಹೆಸರು ಹಾಕುತ್ತೇನೆ ಎಂದೆ. ಅವಳು ಒಪ್ಪಲಿಲ್ಲ. ನನಗೆ ಓದಲು ಬಾರದ್ದು ನನ್ನ ಹೆಸರು ಹೇಗಾದೀತು, ನೀನು ಇನ್ನು ಏನು ಬರೆದರೂ ನಾನು ನಂಬುವುದು ಹೇಗೆ ಎಂದಳು. ಅದು ಅವಳು ಆಡಿದ ಒಂದೇ ಕಟುವಾದ ಮಾತು. ಆಮೇಲೆ ಉಳಿದ ತುಂಡುಗಳ ಗಂಟು ಬಿಚ್ಚಿ, ಯಾರ ಫೋಟೋವನ್ನೂ ನೋಡದೆ, ಇಬ್ಬರು ಹೆಂಗಸರನ್ನು ಕತ್ತರಿಸಿದಳು. ಹಾಡುವ ಅಜ್ಜಿಯ ಮಣೆಯ ಕೆಳಗಿದ್ದ ಖಾಲಿ ಜಾಗದಲ್ಲಿ ಇಬ್ಬರನ್ನೂ ಎದುರುಬದುರು ಕೂರಿಸಿದಳು. ದೊಡ್ಡಾಕೆಯ ಕೈಯಲ್ಲಿ ಕತ್ತರಿ. ಸಣ್ಣಾಕೆಯ ಕೈಯಲ್ಲಿ ಸೂಜಿ, ಇನ್ನೊಂದು ಕೈಯಲ್ಲಿ ಫೋನು. ಬೇರೆ ಯಾರಿಗೂ ಇಲ್ಲದ ಬಾಯಿಯನ್ನು ಸಣ್ಣಾಕೆಗೆ ಮಾತ್ರ ಕೆಂಪು ದಾರದಲ್ಲಿ ದೊಡ್ಡದಾಗಿ ಹಾಕಿಸಿದಳು, ನನ್ನ ಕೈಯಿಂದಲೇ. ರೊಟ್ಟಿಯ ಚೂರನ್ನು ಇಟ್ಟು ಮೂಲೆ ಮುಚ್ಚಿದೆವು.

ಊರಿಗೆ ಹೊರಟ ದಿನ ಹುಡುಗಿ ದಾರಿಯಲ್ಲಿ ಟ್ಯಾಕ್ಸಿ ನಿಲ್ಲಿಸಿ ಅಕ್ಕನ ಮನೆಗೆ ಬಂದಳು. ಬರಲು ಹೇಳಿದವಳು ನಾನೇ. ಕೌದಿಯನ್ನು ಮಂಚದ ಮೇಲೆ ಹರಡಿದೆವು. ಹೊಸಬರಿಬ್ಬರನ್ನು ನೋಡಿ, ಇವರು ಯಾವ ಸ್ಮಿತ್‌ಗಳು, ಏನು ಆಡುತ್ತಾರೆ, ಏನು ಬಾರಿಸುತ್ತಾರೆ ಎಂದು ಕೇಳಿದಳು. ನಾನು ಅಕ್ಕನನ್ನು ಮುಂದಕ್ಕೆ ಎಳೆದು, ನವಿಲು ಇವಳದು, ಎತ್ತು ಇವಳದು, ಈ ಬಳಗವೆಲ್ಲ ಇವಳದು, ನಾನು ನಿನಗೆ ಸುಳ್ಳು ಹೇಳಿದ್ದೆ, ನಾನು ಹೊಲಿಯುವವಳು ಮಾತ್ರ ಎಂದೆ. ತೆಲುಗಿನಲ್ಲಿ ಶುರುಮಾಡಿ ಹಿಂದಿಯಲ್ಲಿ ಮುಗಿಸಿದೆ. ಹುಡುಗಿ ನನ್ನನ್ನು ಒಂದು ಸಲ ನೋಡಿ, ಅಕ್ಕನ ಕೈ ಹಿಡಿದುಕೊಂಡಳು. ಬಿಡಲೇ ಇಲ್ಲ. ಟ್ಯಾಕ್ಸಿಯವನು ಹಾರ್ನ್ ಹೊಡೆಯುವವರೆಗೂ ಹಿಡಿದೇ ಇದ್ದಳು. ನನಗೆ ಹೊಟ್ಟೆಕಿಚ್ಚು ಆಗುತ್ತದೆಯೇನೋ ಎಂದು ಕಾಯ್ದೆ. ಆಗಲಿಲ್ಲ.

ಕೆಲವು ದಿನಗಳ ಮೇಲೆ, ನಾನು ಅಕ್ಕನ ಮನೆಯಲ್ಲಿದ್ದಾಗ, ನನ್ನ ಫೋನಿಗೆ ವಿಡಿಯೋ ಕಾಲ್ ಬಂತು. ಮುದುಕ ಕೌದಿಯನ್ನು ಗಂಟಲವರೆಗೆ ಹೊದ್ದು ಸೋಫಾದ ಮೇಲೆ ಕೂತಿದ್ದ. ಎಲ್ಲರನ್ನೂ ಬೆರಳಿನಿಂದ ಮುಟ್ಟಿ ಮುಟ್ಟಿ ತೋರಿಸಿ ಏನೇನೋ ಹೇಳುತ್ತಿದ್ದ. ಅತ್ತೆ, ತಮ್ಮ, ಅಣ್ಣ ಎನ್ನುತ್ತಿದ್ದಾನೆ ಎಂದು ಮಗಳು ತೆಲುಗಿನಲ್ಲಿ ಹೇಳಿದಳು. ಕತ್ತರಿ ಹಿಡಿದ ಹೆಂಗಸಿನ ಮೇಲೆ ಬೆರಳು ನಿಲ್ಲಿಸಿ, ಇವಳ ಹೆಸರನ್ನು ಇವಳ ಬಾಯಿಂದಲೇ ಕೇಳಬೇಕು ಎಂದನಂತೆ. ನಾನು ಬಾಯಿ ಬಿಡಲಿಲ್ಲ. ಅಕ್ಕ ಸೆರಗು ಸರಿಮಾಡಿಕೊಂಡು, ಫೋನನ್ನು ಎರಡೂ ಕೈಯಲ್ಲಿ ಹಿಡಿದು ಹೇಳಿದಳು. ಮುದುಕ ತಪ್ಪಾಗಿ ಅಂದ. ಅವಳು ಅಲ್ಲ ಎಂದು ತಲೆ ಆಡಿಸಿ ಮತ್ತೆ ಹೇಳಿದಳು. ಅವನು ಮತ್ತೆ ತಪ್ಪಿದ. ಅವಳು ಬಿಡಲಿಲ್ಲ, ಮಗುವಿಗೆ ಹೇಳಿಕೊಡುವಂತೆ, ಅರ್ಧ ಮುರಿದು, ಮುರಿದದ್ದನ್ನು ಕೂಡಿಸಿ, ಅವನ ಬಾಯಿಗೆ ಕೂರುವವರೆಗೂ ಹೇಳಿಸಿದಳು.

ನೀಲವ್ವ.